ಉಲ್ಟಾ ನಾಂದಿ: ಹಾರರ್ ಸಿನಿಮಾದ ಮೊದಲ ಹತ್ತು ನಿಮಿಷ

ಇವತ್ತಿನ ಕಂತು ಹಾರರ್ ಸಿನಿಮಾ ಬಗ್ಗೆ, ಅದರಲ್ಲೂ ಅದರ ಆರಂಭದ ಬಗ್ಗೆ. ದೆವ್ವ ಇನ್ನೂ ಬಂದಿರೋದಿಲ್ಲ, ಯಾರೂ ಸತ್ತಿರೋದಿಲ್ಲ. ಆದರೂ ಎದೆಯೊಳಗೆ ಕಸಿವಿಸಿ ಶುರುವಾಗಿರ್ತದೆ. ಹೆಂಗ ಇದು? ಹಾಲಿವುಡ್‌ಗೆ ಹೋಗೋ ಮೊದಲು ನಮ್ಮ ಗದಗಿಗೇ ಬರೋಣ.

1870ರ ದಶಕದಲ್ಲಿ ಸಕ್ಕರಿ ಬಾಳಾಚಾರ್ಯರು, ಅಂದರೆ ಶಾಂತಕವಿಗಳು, ಇಲ್ಲಿ ಕೃತಪುರ ನಾಟಕ ಮಂಡಳಿ ಕಟ್ಟಿದರು. ಕೃತಪುರ ಅಂದ್ರೆ ಗದಗೇ. ಮರಾಠಿ ನಾಟಕದ ಅಬ್ಬರದ ಕಾಲದಲ್ಲಿ ಕನ್ನಡ ನಾಟಕ ಆಡಿದ ಮಂಡಳಿ ಅದು. ಆಮೇಲೆ 1916ರಲ್ಲಿ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ. ಶಿರಹಟ್ಟಿ ವೆಂಕೋಬರಾಯರದ್ದೂ ಒಂದು ಕಂಪನಿ ಇತ್ತು.

ಈಗಲೂ ಮುಂಡರಗಿ, ಲಕ್ಷ್ಮೇಶ್ವರ ಕಡೆ ಜಾತ್ರಿ ನಾಟಕ ನೋಡಿದವರಿಗೆ ಆ ಕ್ರಮ ಗೊತ್ತು. ಗಂಟೆ ಹೊಡೀತಾರೆ, ಪರದೆ ಹಿಂದಿನಿಂದ ಹಾರ್ಮೋನಿಯಂ ಕೇಳ್ತದೆ, ಆಮೇಲೆ ನಾಂದಿ. ಕತೆ ಇನ್ನೂ ಶುರುವಾಗಿಲ್ಲ, ಆದರೆ ಗದ್ದಲ ಮಾಡ್ತಿದ್ದ ಜನ ಸುಮ್ಮನಾಗಿರ್ತಾರೆ. ನಾಂದಿ ಒಂದು ಭರವಸೆ: ನಡುವೆ ಎಷ್ಟೇ ಕಣ್ಣೀರು ಬರಲಿ, ದೇವರ ಹೆಸರು ಹೇಳಿ ಶುರು ಮಾಡೀವಿ, ಮಂಗಳ ಹಾಡೇ ಮುಗಿಸ್ತೀವಿ ಅಂತ.

ಹಾರರ್ ಸಿನಿಮಾದ ಆರಂಭ ಅಂದ್ರೆ ನನ್ನ ಪ್ರಕಾರ ಇದೇ ನಾಂದಿ, ಉಲ್ಟಾ. ಅದೂ ಕತೆಗಿಂತ ಮೊದಲೇ ಮಾತು ಕೊಡ್ತದೆ, ಆದರೆ ಮಂಗಳದ ಮಾತಲ್ಲ. ನಾನು ಬಿ.ಕಾಂ. ಓದಿದವನು, ನನಗೆ ಇದು ಉದ್ರಿ ಲೆಕ್ಕದಂಗ ಕಾಣ್ತದೆ. ಮೊದಲ ಪುಟದಲ್ಲೇ ಸಾಲ ಬರೆದಿಟ್ಟಾರ. ವಸೂಲಿಗೆ ಯಾರು ಯಾವಾಗ ಬರ್ತಾರೆ ಅನ್ನೋದಷ್ಟೇ ಗೊತ್ತಿಲ್ಲ.

1949ರ ಹಿಂದಿ ಚಿತ್ರ ‘ಮಹಲ್’ ನೋಡಿ. ಕಮಾಲ್ ಅಮ್ರೋಹಿ ಅವರದ್ದು. ಮಳೆಗಾಳಿಯ ರಾತ್ರಿ ಹೊಸ ಮಾಲೀಕ ಪಾಳು ಬಂಗಲೆಗೆ ಬರ್ತಾನೆ. ಮುದುಕ ಮಾಲಿ ಹಳೇ ಪ್ರೇಮಿಗಳ ಕತೆ ಹೇಳ್ತಾನೆ. ದೆವ್ವ ತೋರಿಸಿಲ್ಲ, ಬರೀ ಮಾತು. ಆಮೇಲೆ ಗೋಡೆಯ ಪಟ ಬೀಳ್ತದೆ, ನೋಡಿದರೆ ಅದರೊಳಗೆ ಅವನದೇ ಮುಖ! ಭಾರತದ ಹಾರರ್‌ನಲ್ಲಿ ಪಾಳು ಬಂಗಲೆ, ಹಳೇ ಆಳು ಎಷ್ಟು ಸಲ ಬಂದಾವು ಅಂತ ನೀವೇ ಎಣಿಸಿ.

1980ರ ‘ದಿ ಶೈನಿಂಗ್’ನಲ್ಲಿ ಸ್ಟ್ಯಾನ್ಲಿ ಕುಬ್ರಿಕ್ ಕತ್ತಲೆಯನ್ನೇ ಕೈಬಿಟ್ಟರು. ಹಾಡಹಗಲು, ಚೆಂದದ ಬೆಟ್ಟ, ಸರೋವರ, ಸಣ್ಣ ಹಳದಿ ಕಾರು. ಮೇಲಿಂದ ಹೆಲಿಕಾಪ್ಟರ್ ಕ್ಯಾಮೆರಾ ಅದರ ಬೆನ್ನು ಹತ್ತಿರ್ತದೆ. ಸೌಂಡ್ ಮ್ಯೂಟ್ ಮಾಡಿದರೆ ಪ್ರವಾಸೋದ್ಯಮದ ಜಾಹೀರಾತು. ಆದರೆ ವೆಂಡಿ ಕಾರ್ಲೋಸ್, ರೇಚಲ್ ಎಲ್ಕಿಂಡ್ ಸಿಂಥಸೈಜರ್‌ನಲ್ಲಿ ನುಡಿಸಿದ್ದು ‘ಡೀಸ್ ಇರೇ’, ಚರ್ಚಿನಲ್ಲಿ ಸತ್ತವರಿಗಾಗಿ ಹಾಡ್ತಿದ್ದ ಮಧ್ಯಯುಗದ ರಾಗ. ಕಣ್ಣು ರಜೆಗೆ ಹೊರಟಿದೆ, ಕಿವಿ ಮಾತ್ರ ಮಣ್ಣಿಗೆ ಬಂದಿದೆ. ಕಸಿವಿಸಿ ಹುಟ್ಟೋದು ಈ ಎರಡರ ನಡುವೆ.

ಕನ್ನಡದಲ್ಲಿ 2013ರ ‘6-5=2’ ಈ ಕೆಲಸವನ್ನ ಬೇರೆ ಥರ ಮಾಡ್ತು. ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯ ಅನ್ನೋ ರೂಪದ ಚಿತ್ರ. ‘ಇದು ನಡೆದದ್ದು’ ಅನ್ನೋ ಅನುಮಾನವೇ ಅದರ ನಾಂದಿ.

ಆದರೆ ನನ್ನ ಮಟ್ಟಿಗೆ ಕನ್ನಡದ ಗಟ್ಟಿ ಉಲ್ಟಾ ನಾಂದಿ ಹಾರರ್ ಅಲ್ಲದ ಚಿತ್ರದಲ್ಲೇ ಐತಿ: ರಿಷಬ್ ಶೆಟ್ಟಿಯವರ ‘ಕಾಂತಾರ’, 2022. ಕತೆಯೊಳಗಿನ ಕಾಲ 1847. ರಾಜನಿಗೆ ಎಲ್ಲಾ ಇದೆ, ನೆಮ್ಮದಿ ಇಲ್ಲ. ಕಾಡಿನಲ್ಲಿ ಒಂದು ಕಲ್ಲಿನ ಮುಂದೆ ಅದು ಸಿಗ್ತದೆ. ದೈವ ಬೇಕು, ಬದಲಿಗೆ ಭೂಮಿ ಕೊಡ್ತೀನಿ ಅಂತಾನೆ. ಅಲ್ಲೇ ಎಚ್ಚರಿಕೆ: ಮಾತು ತಪ್ಪಿದರೆ ನಾನು ಕ್ಷಮಿಸಬಹುದು, ಜೊತೆಗಿರೋ ಗುಳಿಗ ಕ್ಷಮಿಸೋದಿಲ್ಲ. 1970ಕ್ಕೆ ಬಂದರೆ ರಾಜನ ವಂಶದವನು ಕೋಲದ ನಡುವೆಯೇ ಭೂಮಿ ವಾಪಸ್ ಕೇಳ್ತಾನೆ, ಮಾತಾಡ್ತಿರೋದು ದೈವವೋ ನರ್ತಕನೋ ಅಂತ ಪ್ರಶ್ನೆ ಮಾಡ್ತಾನೆ. ನರ್ತಕ ಕೂಗ್ತಾ ಕಾಡಿಗೆ ಓಡ್ತಾನೆ. ಮತ್ತೆ ಕಾಣಿಸೋದಿಲ್ಲ.

ಗಮನಿಸಿ, ಏನಾಯ್ತು ಅಂತ ತೋರಿಸಲೇ ಇಲ್ಲ. ಒಂದು ಕೂಗು, ಒಂದು ಖಾಲಿ ಜಾಗ, ನೋಡ್ತಾ ನಿಂತ ಅವನ ಮಗ. ಭೂಮಿ ಕೇಳಿದವನು ಕೋರ್ಟಿನ ಮೆಟ್ಟಿಲ ಮೇಲೆ ರಕ್ತ ಕಾರಿ ಸಾಯ್ತಾನೆ. ಮೊದಲ ಕಂತು ವಸೂಲಾಯ್ತು. ಅದರ ಮುಂದೆ ಕಂಬಳ, ಜಗಳ, ತಮಾಷೆ ಎಲ್ಲಾ ಬರ್ತದೆ, ನಾವೂ ನಗ್ತೀವಿ. ಆದರೆ ಎಲ್ಲೋ ಆ ಕೂಗು ಕೇಳಿದ ತಕ್ಷಣ ಥಿಯೇಟರ್ ಪೂರ್ತಿ ತಣ್ಣಗಾಗ್ತದೆ. ಆ ಶಬ್ದಕ್ಕೆ ಅರ್ಥ ಕೊಟ್ಟಿದ್ದು ಆರಂಭದ ದೃಶ್ಯ. ಅದನ್ನ ತಪ್ಪಿಸಿಕೊಂಡು ತಡವಾಗಿ ಒಳಗೆ ಬಂದವರಿಗೆ ಅದು ಬರೀ ಜೋರು ಕೂಗು.

ಈಗ ನಾವೆಲ್ಲರೂ ತಡವಾಗಿ ಬರೋರೇ ಆಗೀವಿ. ಓಟಿಟಿಯಲ್ಲಿ ‘ಸ್ಕಿಪ್ ಇಂಟ್ರೋ’ ಬಟನ್ ಇದೆ, ಯೂಟ್ಯೂಬ್‌ನಲ್ಲಿ ಎರಡು ಸಲ ಒತ್ತಿದರೆ ಹತ್ತು ಸೆಕೆಂಡ್ ಮುಂದೆ. ಇನ್ನೊಂದು ತೊಂದರೆ ಯಾರೂ ಹೇಳೋದಿಲ್ಲ: ಫೋನಿನ ಸಣ್ಣ ಸ್ಪೀಕರ್‌ನಲ್ಲಿ ತಗ್ಗಿನ ಸ್ವರ ಸರಿಯಾಗಿ ಬರೋದೇ ಇಲ್ಲ. ‘ಶೈನಿಂಗ್’ನ ಆ ಗುಡುಗಿನಂಥ ದನಿ ಬಸ್‌ಸ್ಟ್ಯಾಂಡ್‌ನಲ್ಲಿ ಕುಂತು ಕೇಳಿದರೆ ಸೊಳ್ಳೆ ದನಿ. ಹೆದರಿಕೆ ಆಗ್ಲಿಲ್ಲ, ಸ್ಲೋ ಐತಿ ಅಂತ ಕಾಮೆಂಟ್ ಹಾಕೋ ಮುನ್ನ ಒಮ್ಮೆ ಇಯರ್‌ಫೋನ್ ಹಾಕಿಕೊಳ್ಳಿ, ಲೈಟ್ ಆರಿಸಿ. ‘ಕಾಂತಾರ’ದ ಆರಂಭವನ್ನ ಬೇಕಾದರೆ ಕಣ್ಣು ಮುಚ್ಚಿಯೇ ಕೇಳಿ. ಎಲ್ಲಿ ಮೈ ಜುಮ್ ಅಂತು ಅಂತ ನಂಗೆ ಬರೆದು ಕಳಿಸಿ, ನಿಮಿಷ ಸೆಕೆಂಡ್ ಸಮೇತ.