‘ಬಾಡು’ ಎಂಬ ಮಾತಿನ ಚರಿತ್ರೆ

ಹೂವು ಬಾಡುತ್ತದೆ, ಮೈ ಸೊರಗುತ್ತದೆ, ಕೆರೆ ಬತ್ತುತ್ತದೆ, ಚರ್ಮ ಸುಕ್ಕುಗಟ್ಟುತ್ತದೆ, ರೋಗ ತಗಲಿದ ಎಲೆ ಮುರುಟುತ್ತದೆ, ಚಳಿಗೆ ಮೈ ಮುದುಡುತ್ತದೆ. ಕುಗ್ಗುವಿಕೆಯ ಒಂದೊಂದು ಬಗೆಗೂ ಕನ್ನಡದಲ್ಲಿ ಒಂದೊಂದು ಮಾತುಂಟು. ಪರಸ್ಥಳದಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳ ಬಾಯಲ್ಲಿ ಇವಕ್ಕೆಲ್ಲ ‘ಒಣಗಿತು’ ಎಂಬುದೊಂದೇ ಉಳಿಯುತ್ತಿದೆ. ಆದಕಾರಣ ಈ ಬಳಗದ ‘ಬಾಡು’ ಎಂಬ ಮಾತಿನ ಚರಿತ್ರೆಯನ್ನು ವಾಚಕರ ಮುಂದಿಡಲು ಬಯಸುತ್ತೇವೆ.

ಚೆನ್ನೈಯ ಹೂವಿನ ಅಂಗಡಿಗಳಲ್ಲಿ ನಮ್ಮ ಕಿವಿಗೆ ಬೀಳುವ ತಮಿಳಿನ ‘ವಾಡು’ ಇದರ ಒಡಹುಟ್ಟು. ತೆಲುಗಿನಲ್ಲಿಯೂ ‘ವಾಡು’, ತುಳುವಿನಲ್ಲಿ ನಮ್ಮಂತೆಯೇ ‘ಬಾಡು’. ತಮಿಳಿನಲ್ಲಿ ಪದದ ಮೊದಲಿಗೆ ಬರುವ ವಕಾರಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ಬಕಾರವಿರುವುದು: ವೇರ್–ಬೇರು, ವಿಲ್–ಬಿಲ್ಲು, ವಾಯ್–ಬಾಯಿ. ಈ ಮಾರ್ಪಾಟು ಬಹು ಹಳೆಯದು. ಸುಮಾರು ಕ್ರಿ.ಶ. 450ರದೆಂದು ಎಣಿಸಲಾಗುವ ಹಲ್ಮಿಡಿ ಶಾಸನದಲ್ಲಿ ‘ಬಾಳ್ಗಳ್ಚು’ ಎಂಬ ಪದವಿದೆ. ಅದರ ‘ಬಾಳ್’ ಎಂದರೆ ಕತ್ತಿ. ತಮಿಳಿನಲ್ಲಿ ಅದೇ ‘ವಾಳ್’. ಎಂದಮೇಲೆ ಹದಿನೈದು ಶತಮಾನಗಳ ಹಿಂದೆಯೇ ಕನ್ನಡವು ಈ ಹಾದಿಯನ್ನು ಹಿಡಿದಿತ್ತೆಂಬುದು ಸ್ಪಷ್ಟ.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿ ಈ ಪದ ಸೇರಿದೆ. 1961ರಲ್ಲಿ ಬರೋ ಮತ್ತು ಎಮೆನೋ ವಿದ್ವಾಂಸರು ಪ್ರಕಟಿಸಿದ ದ್ರಾವಿಡ ನಿಘಂಟು ಅಕ್ಕತಂಗಿ ಭಾಷೆಗಳ ರೂಪಗಳನ್ನು ಒಂದೆಡೆ ಕೂಡಿಸಿತು.

ಬಾಡುವುದು ಸಾಯುವುದಲ್ಲ, ಈ ಮಾತಿನ ಸೊಗಸು ಇರುವುದು ಅಲ್ಲಿಯೇ. ಎಲೆಯೊಳಗಿನ ನೀರು ಕಡಿಮೆಯಾದಾಗ ಅದರ ಬಿಗಿ ತಗ್ಗಿ ಎಲೆ ಜೋಲುತ್ತದೆ. ಹೊತ್ತಿಗೆ ಸರಿಯಾಗಿ ಬೇರಿಗೆ ನೀರೆರೆದರೆ ಮತ್ತೆ ನೆಟ್ಟಗಾಗುತ್ತದೆ. ಒಣಗಿದ ಎಲೆಗೆ ಆ ಭಾಗ್ಯವಿಲ್ಲ. ನಮ್ಮ ಗೃಹಿಣಿಯರು ಈ ಭೇದವನ್ನು ಚೆನ್ನಾಗಿ ಬಲ್ಲರು. ಸೊಪ್ಪನ್ನು ಬಾಣಲೆಯಲ್ಲಿ ಬಾಡಿಸುವರು. ಬಾಳೆಯೆಲೆ ಮಡಿಚಿದರೆ ಹರಿಯದಿರಲೆಂದು ಬೆಂಕಿಯ ಮೇಲೆ ಹಿಡಿದು ಬಾಡಿಸುವರು. ಒಣಗಿಸಿದರೆ ಕೆಲಸ ಕೆಟ್ಟಿತು! ಹಸಿದು ಬಂದ ಮಗುವಿನ ಮುಖವೂ ಬಾಡಿರುತ್ತದೆ; ಒಂದು ತುತ್ತು ಬಿದ್ದೊಡನೆ ಅರಳುತ್ತದೆ.

ನಾವು ಬ್ಯಾಂಕಿನಲ್ಲಿ ಲೆಕ್ಕ ಬರೆಯುವವರು. ಎರಡು ವರ್ಷಕ್ಕೂ ಮೀರಿ ವ್ಯವಹಾರ ನಡೆಯದ ಖಾತೆಯನ್ನು ನಿಷ್ಕ್ರಿಯವೆಂದು ಬೇರೆ ಇಡುತ್ತೇವೆ. ಹಣವೇನೋ ಅಲ್ಲಿಯೇ ಇರುತ್ತದೆ. ಖಾತೆದಾರ ಬಂದು ಕೇಳಬೇಕು, ಅಷ್ಟೆ. ನಿಘಂಟಿನ ಪುಟದಲ್ಲಿ ಕುಳಿತ ಮಾತಿನ ಸ್ಥಿತಿಯೂ ಇದೇ. ಮನೆಯಲ್ಲಿ ತಾಯಿತಂದೆಗಳು ಬಾಡಿದ್ದನ್ನು ಬಾಡಿತೆಂದೂ ಸೊರಗಿದ್ದನ್ನು ಸೊರಗಿತೆಂದೂ ಆಡುತ್ತಿದ್ದರೆ ಮಕ್ಕಳು ತಾವಾಗಿಯೇ ಕಲಿತಾರು. ಹೊರನಾಡಿನಲ್ಲಿ ನಮ್ಮ ನುಡಿ ಬಾಡಿದೆಯೇ ಹೊರತು ಒಣಗಿಲ್ಲ. ನೀರೆರೆಯುವ ಕೈ ನಮ್ಮದಾಗಲಿ.