ಪ್ರಯೋಗಾಲಯದಿಂದ ಪೇಟೆಗೆ: ಜೈವಿಕ ಉತ್ಪನ್ನಗಳ ಕಾನೂನು ಮತ್ತು ವ್ಯವಹಾರ

ಜೈವಿಕ ತಂತ್ರಜ್ಞಾನದ ಉತ್ಪನ್ನವೊಂದು ಪ್ರಯೋಗಾಲಯ ಬಿಟ್ಟು ರೋಗಿಯ ಅಥವಾ ರೈತನ ಕೈ ಸೇರಬೇಕಾದರೆ ನಾಲ್ಕು ಪ್ರಶ್ನೆಗಳು ಇತ್ಯರ್ಥವಾಗಬೇಕು. ಅದರ ಒಡೆತನ ಯಾರದು? ಅದಕ್ಕೆ ಆಧಾರವಾದ ಜೀವಿ ಎಲ್ಲಿಂದ ಬಂತು? ಅದು ಸುರಕ್ಷಿತ ಎಂದು ಹೇಳಬೇಕಾದವರು ಯಾರು? ಬರುವ ಲಾಭದಲ್ಲಿ ಯಾರ ಪಾಲು ಎಷ್ಟು? ಕಳೆದ ಐದು ದಶಕಗಳಲ್ಲಿ ಶಾಸನಗಳು, ತೀರ್ಪುಗಳು ಮತ್ತು ಒಪ್ಪಂದಗಳು ಇವಕ್ಕೆ ಕೊಟ್ಟ ಉತ್ತರಗಳು ಈ ಉದ್ಯಮದ ದಿಕ್ಕನ್ನು ವಿಜ್ಞಾನದಷ್ಟೇ ಬಲವಾಗಿ ನಿರ್ಧರಿಸಿವೆ.

ಪೇಟೆಂಟ್ ಮತ್ತು ಮೊದಲ ಕಂಪನಿಗಳು

ಒಂದು ಜೀವಿಯ ಡಿಎನ್‌ಎ ತುಣುಕನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ಬೆಳೆಸುವ ವಿಧಾನವನ್ನು ಅಮೆರಿಕದ ಸ್ಟ್ಯಾನ್ಲಿ ಕೋಹೆನ್ ಮತ್ತು ಹರ್ಬರ್ಟ್ ಬಾಯರ್ 1973ರಲ್ಲಿ ಪ್ರಕಟಿಸಿದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಪೇಟೆಂಟ್‌ಗೆ ಅರ್ಜಿ ಹಾಕಿದ್ದು 1974ರ ನವೆಂಬರ್‌ನಲ್ಲಿ, ಪ್ರಬಂಧ ಪ್ರಕಟವಾದ ನಂತರ. ಪ್ರಕಟಣೆಯಾದ ಒಂದು ವರ್ಷದೊಳಗೆ ಅರ್ಜಿ ಹಾಕಲು ಅಮೆರಿಕದ ಕಾನೂನು ಅವಕಾಶ ಕೊಟ್ಟಿದ್ದರಿಂದ ಅಲ್ಲಿ ಪೇಟೆಂಟ್ ಸಿಕ್ಕಿತು. ಬೇರೆ ದೇಶಗಳಲ್ಲಿ ಹಕ್ಕು ಕೈತಪ್ಪಿತು. ಅಮೆರಿಕದ ಪೇಟೆಂಟುಗಳೇ 1997ರವರೆಗೆ ಸುಮಾರು 25 ಕೋಟಿ ಡಾಲರ್ ತಂದುಕೊಟ್ಟವು. ಮೊದಲು ಅರ್ಜಿ, ಆಮೇಲೆ ಪ್ರಬಂಧ ಎಂಬ ಶಿಸ್ತನ್ನು ಸಂಶೋಧನಾ ಸಂಸ್ಥೆಗಳು ಇಂದು ಪಾಲಿಸುವುದರ ಹಿಂದೆ ಇಂಥ ಅನುಭವಗಳಿವೆ.

ಜೀವಿಗೇ ಪೇಟೆಂಟ್ ಕೊಡಬಹುದೇ ಎಂಬ ಪ್ರಶ್ನೆಯನ್ನು ಎತ್ತಿದವರು ಭಾರತ ಮೂಲದ ವಿಜ್ಞಾನಿ ಆನಂದ ಮೋಹನ್ ಚಕ್ರವರ್ತಿ. ಕಚ್ಚಾ ತೈಲವನ್ನು ವಿಘಟಿಸಬಲ್ಲ ಬ್ಯಾಕ್ಟೀರಿಯಾವನ್ನು ಅವರು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ ರೂಪಿಸಿದ್ದರು. ಮನುಷ್ಯನ ಕೈಯಿಂದ ರೂಪುಗೊಂಡ ಜೀವಿಯೂ ಪೇಟೆಂಟ್‌ಗೆ ಅರ್ಹ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರ ಜೂನ್‌ನಲ್ಲಿ 5–4ರ ಬಹುಮತದಿಂದ ತೀರ್ಪಿತ್ತಿತು. ಸರ್ಕಾರಿ ಹಣದಲ್ಲಿ ನಡೆದ ಸಂಶೋಧನೆಯ ಹಕ್ಕನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಬಿಡುವ ಬೇ–ಡೋಲ್ ಕಾಯ್ದೆ ಅದೇ ವರ್ಷದ ಕೊನೆಯಲ್ಲಿ ಬಂತು. ಬಾಯರ್ ಮತ್ತು ಬಂಡವಾಳ ಹೂಡಿಕೆದಾರ ರಾಬರ್ಟ್ ಸ್ವಾನ್ಸನ್ 1976ರಲ್ಲಿ ಕಟ್ಟಿದ ಜೆನೆನ್‌ಟೆಕ್ 1980ರ ಅಕ್ಟೋಬರ್‌ನಲ್ಲಿ ಷೇರು ಪೇಟೆಗೆ ಬಂದಾಗ, 35 ಡಾಲರ್‌ನ ಷೇರು ಮೊದಲ ದಿನವೇ 80 ಡಾಲರ್ ದಾಟಿತು. ಆಗ ಆ ಕಂಪನಿಯ ಒಂದೇ ಒಂದು ಔಷಧವೂ ಮಾರಾಟಕ್ಕೆ ಬಂದಿರಲಿಲ್ಲ. ಹೂಡಿಕೆದಾರರು ಬೆಲೆ ಕಟ್ಟಿದ್ದು ಅದರ ಪೇಟೆಂಟುಗಳಿಗೆ ಮತ್ತು ಒಪ್ಪಂದಗಳಿಗೆ.

ಒಪ್ಪಂದಗಳ ಸಾಲು ಸಾಲು

ಜೆನೆನ್‌ಟೆಕ್ ಮಾನವ ಇನ್ಸುಲಿನ್‌ನ ತಂತ್ರವನ್ನು ಸಿದ್ಧಪಡಿಸಿತು. ತಯಾರಿಕೆ, ಔಷಧ ಪ್ರಯೋಗ ಮತ್ತು ಮಾರಾಟವನ್ನು ಎಲಿ ಲಿಲ್ಲಿ ವಹಿಸಿಕೊಂಡಿತು. ಅಮೆರಿಕದಲ್ಲಿ ಈ ಇನ್ಸುಲಿನ್‌ಗೆ 1982ರಲ್ಲಿ ಅನುಮತಿ ದೊರೆಯಿತು. ಸಣ್ಣ ಕಂಪನಿಗೆ ಮುಂಗಡ ಹಣ, ಪ್ರತಿ ಹಂತ ದಾಟಿದಾಗ ಒಂದು ಕಂತು, ಮಾರಾಟವಾದಾಗ ರಾಯಧನ ಎಂಬ ಮಾದರಿ ಮುಂದೆ ಇಡೀ ಉದ್ಯಮದಲ್ಲಿ ನೆಲೆಯೂರಿತು.

ಒಪ್ಪಂದದ ಪದಗಳು ಸಡಿಲವಾದರೆ ಏನಾಗುತ್ತದೆ ಎಂಬುದಕ್ಕೂ ಇದೇ ಕಂಪನಿ ಉದಾಹರಣೆ. ಕ್ಯಾಲಿಫೋರ್ನಿಯಾದ ಸಿಟಿ ಆಫ್ ಹೋಪ್ ಸಂಶೋಧನಾ ಕೇಂದ್ರಕ್ಕೆ ಮಾರಾಟದ ಶೇ 2ರಷ್ಟು ರಾಯಧನ ಕೊಡುವುದಾಗಿ ಜೆನೆನ್‌ಟೆಕ್ 1976ರಲ್ಲಿ ಒಪ್ಪಿತ್ತು. ಆ ಸಂಶೋಧನೆಯಿಂದ ಬಂದ ಪೇಟೆಂಟನ್ನು ಮುಂದೆ ಬೇರೆ ಕಂಪನಿಗಳಿಗೆ ಪರವಾನಗಿ ಕೊಟ್ಟಾಗಲೂ ಪಾಲು ಸಲ್ಲಬೇಕೇ ಎಂಬುದರ ಮೇಲೆ ವ್ಯಾಜ್ಯ ಎದ್ದಿತು. 30 ಕೋಟಿ ಡಾಲರ್ ಪರಿಹಾರವನ್ನು ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ 2008ರಲ್ಲಿ ಎತ್ತಿಹಿಡಿಯಿತು. ಅದರ ಜೊತೆಗಿದ್ದ 20 ಕೋಟಿ ಡಾಲರ್ ದಂಡವನ್ನು ರದ್ದುಪಡಿಸಿತು. ಒಂದು ಷರತ್ತಿನ ಅರ್ಥ ಇತ್ಯರ್ಥವಾಗುವ ಹೊತ್ತಿಗೆ ಒಪ್ಪಂದಕ್ಕೆ ಮೂರು ದಶಕ ತುಂಬಿತ್ತು.

ಭಾರತದ ದಾರಿ

ಭಾರತದ 1970ರ ಪೇಟೆಂಟ್ ಕಾಯ್ದೆ ಔಷಧ ತಯಾರಿಸುವ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿತ್ತು, ಔಷಧಕ್ಕೆ ಕೊಡುತ್ತಿರಲಿಲ್ಲ. ಬೇರೆ ವಿಧಾನದಲ್ಲಿ ಅದೇ ಔಷಧ ತಯಾರಿಸಲು ಇದರಿಂದ ದಾರಿ ತೆರೆದಿತ್ತು. ಹೈದರಾಬಾದಿನ ಶಾಂತಾ ಬಯೊಟೆಕ್ನಿಕ್ಸ್ 1997ರಲ್ಲಿ ಹೆಪಟೈಟಿಸ್–ಬಿ ಲಸಿಕೆಯನ್ನು ಆಮದು ಲಸಿಕೆಗಿಂತ ಬಹಳ ಅಗ್ಗದ ಬೆಲೆಗೆ ಹೊರತಂದಿತು. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವ ತಯಾರಿಕೆಯಿಂದ ಆರಂಭಿಸಿದ ಬಯೊಕಾನ್ 2004ರಲ್ಲಿ ಯೀಸ್ಟ್ ಬಳಸಿ ತಯಾರಿಸಿದ ಇನ್ಸುಲಿನ್ ಅನ್ನು ಪೇಟೆಗೆ ತಂದಿತು.

ವಿಶ್ವ ವ್ಯಾಪಾರ ಸಂಸ್ಥೆಯ ಒಪ್ಪಂದಕ್ಕೆ ಬದ್ಧವಾಗಿ ಭಾರತ 2005ರಿಂದ ಔಷಧಗಳಿಗೂ ಪೇಟೆಂಟ್ ಕೊಡಲಾರಂಭಿಸಿತು. ಆದರೆ ಕೆಲವು ಬೇಲಿಗಳನ್ನು ಉಳಿಸಿಕೊಂಡಿತು. ಸೆಕ್ಷನ್ 3(ಜೆ) ಸಸ್ಯ, ಪ್ರಾಣಿ, ಬೀಜ ಮತ್ತು ತಳಿಗಳನ್ನು ಪೇಟೆಂಟ್‌ನಿಂದ ಹೊರಗಿಡುತ್ತದೆ, ಸೂಕ್ಷ್ಮಜೀವಿಗಳಿಗೆ ಅವಕಾಶ ಬಿಡುತ್ತದೆ. ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ ಪರಿಣಾಮ ಹೆಚ್ಚದೆ ಪೇಟೆಂಟ್ ಇಲ್ಲ ಎನ್ನುತ್ತದೆ ಸೆಕ್ಷನ್ 3(ಡಿ). ಇದೇ ಸೆಕ್ಷನ್ ಆಧಾರದಲ್ಲಿ ನೊವಾರ್ಟಿಸ್‌ನ ಕ್ಯಾನ್ಸರ್ ಔಷಧ ಗ್ಲಿವೆಕ್‌ನ ಅರ್ಜಿಯನ್ನು ಸುಪ್ರೀಂ ಕೋರ್ಟ್ 2013ರಲ್ಲಿ ತಿರಸ್ಕರಿಸಿತು. ಕೋಳಿಗಳ ರೋಗಕ್ಕೆ ರೂಪಿಸಿದ ಜೀವಂತ ವೈರಾಣುವಿನ ಲಸಿಕೆಯ ತಯಾರಿಕಾ ವಿಧಾನ ಪೇಟೆಂಟ್‌ಗೆ ಅರ್ಹ ಎಂದು ಕಲ್ಕತ್ತಾ ಹೈಕೋರ್ಟ್ 2002ರಲ್ಲೇ ಡಿಮಿನಾಕೊ ಪ್ರಕರಣದಲ್ಲಿ ಹೇಳಿತ್ತು.

ಬೀಜ ಮತ್ತು ತಳಿ

ಸೆಕ್ಷನ್ 3(ಜೆ)ಗೆ ದೊಡ್ಡ ಪರೀಕ್ಷೆ ಎದುರಾದದ್ದು ಬಿಟಿ ಹತ್ತಿಯಿಂದ. ಕಾಯಿಕೊರಕ ಹುಳುವನ್ನು ತಡೆಯುವ ಜೀನ್ ಸೇರಿಸಿದ ಈ ಹತ್ತಿಯ ಬೇಸಾಯಕ್ಕೆ 2002ರಲ್ಲಿ ಅನುಮತಿ ಸಿಕ್ಕಿತು. ಅದರ ಪೇಟೆಂಟ್ ಹೊಂದಿದ್ದ ಮಾನ್ಸಾಂಟೊ ಕಂಪನಿಗೆ ಬೀಜ ಕಂಪನಿಗಳು ಕೊಡಬೇಕಾದ ರಾಯಧನದ ಜಗಳ ಕೋರ್ಟಿಗೆ ಹೋಯಿತು. ಸಸ್ಯದೊಳಗೆ ಸೇರಿದ ಜೀನ್‌ಗೆ ಪೇಟೆಂಟ್ ಇಲ್ಲ ಎಂದು ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ 2018ರಲ್ಲಿ ಹೇಳಿತು. ಸಾಕ್ಷ್ಯ ವಿಚಾರಣೆ ಇಲ್ಲದೆ ಹಾಗೆ ತೀರ್ಮಾನಿಸುವುದು ಸರಿಯಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ ಪ್ರಕರಣವನ್ನು ಮರಳಿಸಿತು. 2021ರಲ್ಲಿ ಎರಡೂ ಕಡೆಯವರು ರಾಜಿಯಾದ್ದರಿಂದ ಮೂಲ ಪ್ರಶ್ನೆಗೆ ಅಂತಿಮ ಉತ್ತರ ಸಿಗಲೇ ಇಲ್ಲ. ಹೊಸ ತಳಿಗಳ ರಕ್ಷಣೆಗಾಗಿ 2001ರ ಕಾಯ್ದೆಯೊಂದು ಬೇರೆಯೇ ಇದೆ. ಬೀಜ ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ ರೈತರ ಹಕ್ಕನ್ನು ಅದು ಕಾಪಾಡುತ್ತದೆ; ಬ್ರ್ಯಾಂಡ್ ಹೆಸರಿನಲ್ಲಿ ಮಾರುವಂತಿಲ್ಲ.

ಮೂಲ ಸಂಪನ್ಮೂಲದ ಹಕ್ಕು 2002ರ ಜೀವವೈವಿಧ್ಯ ಕಾಯ್ದೆಯಿಂದ ಬಂತು. ಭಾರತದ ಜೈವಿಕ ಸಂಪನ್ಮೂಲ ಆಧರಿಸಿದ ಆವಿಷ್ಕಾರಕ್ಕೆ ಪೇಟೆಂಟ್ ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯನ್ನು ಅದು ಕಡ್ಡಾಯ ಮಾಡಿತು. ಬಿಟಿ ಬದನೆಯ ಅಭಿವೃದ್ಧಿಗೆ ಕರ್ನಾಟಕದ ಸ್ಥಳೀಯ ಬದನೆ ತಳಿಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂಬ ದೂರು 2010ರಲ್ಲಿ ರಾಜ್ಯ ಜೀವವೈವಿಧ್ಯ ಮಂಡಳಿಯ ಮುಂದೆ ಬಂತು. ಪ್ರಕರಣ 2012ರಲ್ಲಿ ಧಾರವಾಡದ ನ್ಯಾಯಾಲಯ ಮುಟ್ಟಿತು. ಈ ಬಗೆಯ ಉಲ್ಲಂಘನೆಗೆ ಕ್ರಿಮಿನಲ್ ಮೊಕದ್ದಮೆಯ ಬದಲು ದಂಡ ವಿಧಿಸುವ ವ್ಯವಸ್ಥೆಯನ್ನು 2023ರ ತಿದ್ದುಪಡಿ ತಂದಿತು. ಇದರಿಂದ ಉದ್ಯಮಕ್ಕೆ ಅನುಕೂಲವಾಯಿತೆಂದು ಕೆಲವರೂ, ತಳಿ ಕಾಪಾಡಿದ ಸಮುದಾಯಗಳ ಹಿಡಿತ ಸಡಿಲವಾಯಿತೆಂದು ಕೆಲವರೂ ವಾದಿಸುತ್ತಾರೆ.

ಅನುಮತಿಯ ಹಾದಿ

ಕುಲಾಂತರಿ ಜೀವಿಗಳ ಮೇಲ್ವಿಚಾರಣೆ ಪರಿಸರ ಸಂರಕ್ಷಣಾ ಕಾಯ್ದೆಯಡಿ ಬಂದ 1989ರ ನಿಯಮಗಳಂತೆ ನಡೆಯುತ್ತದೆ. ಸಂಸ್ಥೆಯೊಳಗಿನ ಜೈವಿಕ ಸುರಕ್ಷತಾ ಸಮಿತಿಯಿಂದ ಮೊದಲಾಗಿ ಕೇಂದ್ರದ ಸಮಿತಿಗಳವರೆಗೆ ಕಡತ ಏರಬೇಕು. ಬಿಟಿ ಬದನೆಗೆ ಕೇಂದ್ರದ ಸಮಿತಿ 2009ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತ್ತು. ಆದರೆ ಬೆಂಗಳೂರು ಸೇರಿ ಏಳು ನಗರಗಳಲ್ಲಿ ಸಾರ್ವಜನಿಕ ಸಭೆ ನಡೆಸಿದ ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ 2010ರ ಫೆಬ್ರುವರಿ 9ರಂದು ತಡೆ ಘೋಷಿಸಿದರು. ವೈಜ್ಞಾನಿಕ ಸಮಿತಿಯ ಒಪ್ಪಿಗೆ ಸಿಕ್ಕಿದ ಮೇಲೂ ಜನರ ವಿಶ್ವಾಸ ಬೇಕು ಎಂಬ ವಾಸ್ತವ ಅಂದಿನಿಂದ ಹೂಡಿಕೆಯ ಲೆಕ್ಕಾಚಾರದೊಳಗೆ ಸೇರಿತು. ಬಾಂಗ್ಲಾದೇಶ ಇದೇ ಬೆಳೆಗೆ 2013ರಲ್ಲಿ ಅನುಮತಿ ಕೊಟ್ಟಿತು.

ಔಷಧಗಳ ಕಥೆ ಬೇರೆ. ಜೀವಕೋಶದಲ್ಲಿ ತಯಾರಾಗುವ ಪ್ರೋಟೀನಿನ ತದ್ರೂಪವನ್ನು ಮತ್ತೊಬ್ಬರು ತಯಾರಿಸಲಾಗದು. ತೀರಾ ಹತ್ತಿರದ್ದನ್ನು ತಯಾರಿಸಬಹುದು. ಇಂಥ ಬಯೊಸಿಮಿಲರ್‌ಗಳನ್ನು ಮೂಲ ಔಷಧದೊಂದಿಗೆ ಹೋಲಿಸಿ ಸಾಬೀತುಪಡಿಸುವ ವಿಧಾನವನ್ನು ಯುರೋಪ್ 2005–06ರಲ್ಲಿ, ಅಮೆರಿಕ 2010ರ ಕಾಯ್ದೆಯಲ್ಲಿ, ಭಾರತ 2012ರ ಮಾರ್ಗಸೂಚಿಯಲ್ಲಿ ರೂಪಿಸಿದವು. ಅಮೆರಿಕದ ಕಾಯ್ದೆ ಮೂಲ ಔಷಧಕ್ಕೆ 12 ವರ್ಷಗಳ ಏಕಸ್ವಾಮ್ಯವನ್ನೂ ಕೊಡುತ್ತದೆ. ಸ್ತನ ಕ್ಯಾನ್ಸರ್ ಔಷಧ ಟ್ರಾಸ್ಟುಜುಮ್ಯಾಬ್‌ನ ಬಯೊಸಿಮಿಲರ್‌ಗೆ ಭಾರತದಲ್ಲಿ 2013ರಲ್ಲಿ ಅನುಮತಿ ಸಿಕ್ಕಾಗ ಮೂಲ ತಯಾರಕ ರೋಶ್ ದೆಹಲಿ ಹೈಕೋರ್ಟಿಗೆ ಹೋಯಿತು. ಬಯೊಕಾನ್ ಮತ್ತು ಮೈಲಾನ್ ಕಂಪನಿಗಳ ಇದೇ ಔಷಧಕ್ಕೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಒಪ್ಪಿಗೆ ಸಿಕ್ಕಿತು.

ಹಣ ಮತ್ತು ಹೊಸ ಸವಾಲು

ಪ್ರಯೋಗಾಲಯದ ಫಲಿತಾಂಶ ಮತ್ತು ಖಾಸಗಿ ಬಂಡವಾಳದ ನಡುವಿನ ಅವಧಿಯಲ್ಲಿ ಎಷ್ಟೋ ಕಂಪನಿಗಳು ಸೊರಗಿಹೋಗುತ್ತವೆ. ಈ ಅಂತರ ತುಂಬಲೆಂದು ಕೇಂದ್ರ ಸರ್ಕಾರ 2012ರಲ್ಲಿ ಬೈರಾಕ್ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಆರಂಭಿಕ ಅನುದಾನ ₹50 ಲಕ್ಷದವರೆಗೆ ಇದ್ದು, ಬೆಂಗಳೂರಿನ ಸಿ–ಕ್ಯಾಂಪ್‌ನಂಥ ಕೇಂದ್ರಗಳ ಮೂಲಕ ಹಂಚಿಕೆಯಾಗುತ್ತದೆ.

ಜೀನ್ ತಿದ್ದುವ ಕ್ರಿಸ್ಪರ್ ತಂತ್ರ ಹಳೆಯ ಪ್ರಶ್ನೆಗಳನ್ನು ಮತ್ತೆ ತೆರೆದಿದೆ. ಹೊರಗಿನ ಜೀನ್ ಉಳಿಯದ ತಿದ್ದುಪಡಿ ಸಸ್ಯಗಳಿಗೆ ಭಾರತ 2022ರಲ್ಲಿ 1989ರ ನಿಯಮಗಳ ಹಲವು ಕಟ್ಟಳೆಗಳಿಂದ ವಿನಾಯಿತಿ ಕೊಟ್ಟಿತು. ಸಾಂಬಾ ಮಸೂರಿಯಿಂದ ರೂಪಿಸಿದ ತಳಿ ಸೇರಿ ಎರಡು ಭತ್ತದ ತಳಿಗಳು 2025ರ ಮೇನಲ್ಲಿ ಪ್ರಕಟವಾದವು. ಸುರಕ್ಷತೆಯ ಹಾದಿ ಹೀಗೆ ಚಿಕ್ಕದಾದರೂ ಒಡೆತನದ ಹಾದಿ ಚಿಕ್ಕದಾಗಿಲ್ಲ. ಕ್ರಿಸ್ಪರ್‌ನ ಮೂಲ ಪೇಟೆಂಟುಗಳು ವಿದೇಶಿ ಸಂಸ್ಥೆಗಳ ಕೈಯಲ್ಲಿವೆ. ಅವುಗಳ ನಡುವೆಯೇ ಅಮೆರಿಕದಲ್ಲಿ ವರ್ಷಗಟ್ಟಲೆ ವ್ಯಾಜ್ಯ ನಡೆದಿದೆ. ಸಾರ್ವಜನಿಕ ಹಣದಲ್ಲಿ ಬೆಳೆದ ತಳಿಯೂ ವಾಣಿಜ್ಯ ಬೀಜವಾಗಬೇಕಾದರೆ ಆ ಪರವಾನಗಿಯ ಷರತ್ತುಗಳನ್ನು ಮೊದಲೇ ಬಗೆಹರಿಸಿಕೊಳ್ಳಬೇಕಾಗುತ್ತದೆ. ರೈತ ಬೀಜಕ್ಕೆ ತೆರುವ ಬೆಲೆಯ ಮೇಲೂ ಆ ಷರತ್ತುಗಳ ಪ್ರಭಾವ ಇರುತ್ತದೆ.