ಕರಾವಳಿಯ ಕಡಲು: ರಂಪಣಿಯಿಂದ ಕಾಯಿದೆಯವರೆಗೆ



ಕನ್ನಡ ನಾಡಿನ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಬಾದಾಮಿ, ಹಳೇಬೀಡು, ಹಂಪೆಗಳಲ್ಲಿ ಅರಸುತ್ತೇವೆ. ಕಾರವಾರದಿಂದ ಮಂಗಳೂರಿನವರೆಗೆ 300 ಕಿಲೋಮೀಟರಿಗೂ ಮಿಕ್ಕಿ ಹಬ್ಬಿರುವ ನಮ್ಮ ಕಡಲಿಗೂ ಒಂದು ಚರಿತ್ರೆಯಿದೆ ಎಂಬುದನ್ನು ಮರೆಯುತ್ತೇವೆ. ಅದಕ್ಕೆ ಶಿಲಾಶಾಸನಗಳಿಲ್ಲ, ಅದನ್ನು ಮೀನುಗಾರರ ಬಲೆಗಳಲ್ಲಿ ಓದಬೇಕು.

1970ರ ದಶಕದವರೆಗೂ ಈ ತೀರದ ಪ್ರಮುಖ ಬಲೆ ರಂಪಣಿ. ಬಂಗುಡೆ, ಬೂತಾಯಿಗಳ ಹಿಂಡು ದಡದ ಸಮೀಪ ಕಂಡೊಡನೆ ದೋಣಿಯಲ್ಲಿ ಈ ಬಲೆಯನ್ನೊಯ್ದು, ಹಿಂಡನ್ನು ಅರ್ಧಚಂದ್ರಾಕಾರವಾಗಿ ಸುತ್ತುವರಿದು, ಹತ್ತಾರು ಜನರು ಅದರ ಎರಡು ತುದಿಗಳನ್ನು ಹಿಡಿದು ದಡಕ್ಕೆ ಎಳೆಯುತ್ತಿದ್ದರು. ಒಬ್ಬನಿಂದ ಆಗದ ಕೆಲಸವಾದ್ದರಿಂದ ಬಂದ ಮೀನೂ ಒಬ್ಬನದಾಗುತ್ತಿರಲಿಲ್ಲ. ಬಲೆಯ ತುಂಡನ್ನು ಕೊಟ್ಟವರಿಗೂ, ಹಗ್ಗ ಎಳೆದವರಿಗೂ ಅದರಲ್ಲಿ ಪಾಲಿತ್ತು.

ಮಳೆಗಾಲದಲ್ಲಿ ಕಡಲು ಭೋರ್ಗರೆದಾಗ ದೋಣಿಗಳು ದಡ ಸೇರುತ್ತಿದ್ದವು. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ ಮತ್ತೆ ಕಡಲಿಗಿಳಿಯುವುದು ಮೀನುಗಾರರ ವಾಡಿಕೆ. ಇದೇ ಮಳೆಗಾಲದಲ್ಲಿ ಮಾರುತಗಳ ಪ್ರಭಾವದಿಂದ ಆಳದ ತಣ್ಣೀರು ಪೋಷಕಾಂಶಗಳೊಡನೆ ಮೇಲೇಳುತ್ತದೆ, ಕಣ್ಣಿಗೆ ಕಾಣದ ಸೂಕ್ಷ್ಮ ಸಸ್ಯಗಳು ಸಮೃದ್ಧವಾಗಿ ಬೆಳೆಯುತ್ತವೆ, ಬೂತಾಯಿ ಮೊಟ್ಟೆಯಿಡುತ್ತದೆ. ಹಿರಿಯರ ಭಕ್ತಿ ದೊಡ್ಡದು, ನಿಜ. ಆದರೆ ಕಡಲನ್ನು ಕಾಪಾಡಿದ್ದು ಭಕ್ತಿಯೊಂದೇ ಎಂದರೆ ಚರಿತ್ರೆಗೆ ಅಪಚಾರವಾದೀತು. ತೋಳಿನ ಬಲಕ್ಕೆ ಮಿತಿಯಿತ್ತು, ಹಗ್ಗದ ಉದ್ದಕ್ಕೆ ಮಿತಿಯಿತ್ತು. ಮಳೆಗಾಲದ ಅಲೆಯನ್ನು ದಾಟುವ ದೋಣಿ ಇರಲಿಲ್ಲ. ಆ ಮಿತಿಗಳೇ ಮೀನಿನ ಸಂತತಿಗೆ ರಕ್ಷೆಯಾಗಿದ್ದವು.

1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆ ಬಂದಿತು. ಹಿಂಡು ದಡಕ್ಕೆ ಬರುವ ಮುನ್ನವೇ ಅದನ್ನು ಕಡಲಿನಲ್ಲಿಯೇ ಸುತ್ತುಗಟ್ಟುವ ಬಲೆಯಿದು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ಯಂತ್ರವನ್ನು ಶಪಿಸಿ ಫಲವಿಲ್ಲ; ಮಲ್ಪೆ, ಮಂಗಳೂರು ಬಂದರುಗಳು ಬೆಳೆದದ್ದೂ ಅದರಿಂದಲೇ. ಆದರೆ ಹಳೆಯ ಮಿತಿಗಳು ಅಳಿದ ಮೇಲೆ ಹೊಸ ಮಿತಿಗಳನ್ನು ಮನುಷ್ಯನೇ ಹಾಕಿಕೊಳ್ಳಬೇಕಾಯಿತು. ನೆರೆಯ ಗೋವೆಯಲ್ಲಿ ರಂಪಣಿಯ ಮೀನುಗಾರರು ಚಳವಳಿ ಹೂಡಿದರು. ಅಲ್ಲಿಯೂ ಕೇರಳದಲ್ಲಿಯೂ 1980ರ, ಕರ್ನಾಟಕದಲ್ಲಿ 1986ರ ಕಡಲ ಮೀನುಗಾರಿಕೆ ನಿಯಂತ್ರಣ ಕಾಯಿದೆಗಳು ರೂಪುಗೊಂಡವು. ಇಂದು ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನಗಳ ಕಾಲ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಪ್ರಖರವಾದ ಎಲ್‌ಇಡಿ ದೀಪಗಳಿಂದ ಮೀನನ್ನು ಸೆಳೆದು ಹಿಡಿಯುವುದನ್ನೂ, ಎರಡು ದೋಣಿಗಳ ನಡುವೆ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಿತು.

ಮಿತಿ ತಪ್ಪಿದರೆ ಏನಾದೀತೆಂಬುದಕ್ಕೆ ಕೇರಳದ ನಿದರ್ಶನ ಸಾಕು. ಅಲ್ಲಿ 2012ರಲ್ಲಿ ದೊರೆತ ಬೂತಾಯಿ ಸುಮಾರು 4 ಲಕ್ಷ ಟನ್. 2021ರಲ್ಲಿ 3,500 ಟನ್ನಿಗೂ ಕಡಿಮೆ. ಕಡಲಿನ ಉಷ್ಣತೆಯ ಏರುಪೇರು ಇದಕ್ಕೊಂದು ಕಾರಣ, ಮರಿಮೀನುಗಳನ್ನು ಹಿಡಿದದ್ದು ಇನ್ನೊಂದು. ಮೊದಲನೆಯದನ್ನು ತಡೆಯಲು ಲೋಕವೆಲ್ಲ ಕೂಡಬೇಕು. ಎರಡನೆಯದನ್ನು ತಡೆಯಲು ಹಿಡಿಯುವವರು ಮತ್ತು ಕೊಳ್ಳುವವರು ಮನಸ್ಸು ಮಾಡಿದರೆ ಸಾಕು.

ದೂರದೇಶದಲ್ಲಿ ನೆಲೆಸಿದ ನಾವು ಮಾಡಬಹುದಾದದ್ದೇನು? ಮಕ್ಕಳ ಶಾಲಾ ರಜೆಯಲ್ಲಿ ನಮ್ಮಲ್ಲಿ ಅನೇಕರು ಊರಿಗೆ ತೆರಳುವುದು ಜೂನ್, ಜುಲೈ ತಿಂಗಳುಗಳಲ್ಲಿಯೇ. ಆಗ ಬಂದರಿನಲ್ಲಿ ದೋಣಿಗಳು ಸಾಲಾಗಿ ಕಟ್ಟಿ ನಿಂತಿರುತ್ತವೆ. ತಾಜಾ ಬಂಗುಡೆ ದುರ್ಲಭ, ಸಿಕ್ಕರೂ ದುಬಾರಿ. ವರ್ಷಗಳ ಮೇಲೆ ಬಂದರೂ ಬಾಯಿಗೆ ಮೀನಿಲ್ಲವೆಂದು ಗೊಣಗುವ ಬದಲು, ಮಕ್ಕಳನ್ನು ಆ ದೋಣಿಗಳ ಬಳಿಗೆ ಕರೆದೊಯ್ದು, ಅವು ಏಕೆ ನಿಂತಿವೆಯೆಂದು ತಿಳಿಸೋಣ. ಉಳಿದ ಕಾಲದಲ್ಲಿ ಬೆರಳುದ್ದದ ಮರಿ ಬಂಗುಡೆ ಮಾರಾಟಕ್ಕೆ ಬಂದರೆ ಬೇಡವೆನ್ನೋಣ. ಹಿಂದೆ ಅಲೆಗಳು ಮಾಡುತ್ತಿದ್ದ ಕಾವಲಿನಲ್ಲಿ ನಮ್ಮ ಪಾಲೂ ಇಷ್ಟಾದರೂ ಇರಲಿ.